ಮೊದಲು ಹಾಡು, ಆಮೇಲೆ ಸೂತ್ರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸುತ್ತ ಬಂದಿದ್ದೇನೆ. ಸಂಧಿ, ಸಮಾಸ ಎಂದರೆ ಮುಖ ಬಾಡಿಸುವ ಮಕ್ಕಳಿಗೆ ಹಾಡು ಮಾತ್ರ ಕೊನೆಯ ಚರಣದವರೆಗೂ ಬಾಯಿಪಾಠ. ಆ ಬಾಯಿಪಾಠವನ್ನೇ ನಂಬಿ ಪಾಠ ಮಾಡಿ ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಹಾಡನ್ನು ಮಕ್ಕಳೇ ತರಲಿ, ಆಯ್ಕೆ ನಮ್ಮ ಕೈಯಲ್ಲಿರಲಿ. ಸಾಹಿತ್ಯವನ್ನು ಬೋರ್ಡ್ ಮೇಲೆ ಬರೆಯಬೇಕು. ಮೊದಲೇ ಮೊಬೈಲಿನಲ್ಲಿ ಹಾಕಿದರೆ ಕಿವಿ ಪದ ಬಿಟ್ಟು ರಾಗದ ಹಿಂದೆ ಹೋಗುತ್ತದೆ.

2. ಸಿನಿಮಾದ ಹೆಸರಿನಿಂದಲೇ ಶುರು ಮಾಡಬಹುದು. 2006ರ ‘ಮುಂಗಾರು ಮಳೆ’ ಯಾರಿಗೆ ಗೊತ್ತಿಲ್ಲ? ಮುಂ, ಕಾರು ಸೇರಿದಾಗ ಕಕಾರ ಗಕಾರವಾಯಿತು, ಅದೇ ಆದೇಶ ಸಂಧಿ. ಬೆಳದಿಂಗಳು, ಕೆಂದುಟಿ ಎಂಬವನ್ನು ಆಮೇಲೆ ಅವರೇ ಹುಡುಕಿ ತರುತ್ತಾರೆ. ಪ್ರೇಮಗೀತೆಗಳಂತೂ ಕ್ರಿಯಾಸಮಾಸದ ಕಣಜ: ಮೈಮರೆ, ಕಣ್ತೆರೆ, ಕೈಹಿಡಿ.

3. ಹೆಚ್ಚು ಹೊತ್ತು ಕೊಡಬೇಕಾದದ್ದು ವಿಭಕ್ತಿಗೆ. ಹಾಡುಗಳಲ್ಲಿ ‘ನಿನ್ನನ್ನು’ ಎಂಬುದು ಸವೆದು ‘ನಿನ್ನ’ ಆಗಿರುತ್ತದೆ. ‘ನಿನ್ನ ಕರೆದೆ’, ‘ನಿನ್ನ ಕಣ್ಣು’ ಎರಡೂ ಕಣ್ಣಿಗೆ ಒಂದೇ. ಮುಂದಿನ ಪದವನ್ನು ಪ್ರಶ್ನೆ ಕೇಳಿಸುತ್ತೇನೆ. ಯಾರನ್ನು ಕರೆದೆ? ದ್ವಿತೀಯಾ. ಯಾರ ಕಣ್ಣು? ಷಷ್ಠಿ. ಶಹಾಬಾದಿನ ತರಗತಿಯೊಂದರಲ್ಲಿ ಒಬ್ಬ ಹುಡುಗಿ ‘ನಿನಗೆ ಕರೆದೆ’ ಎಂದು ಬಿಡಿಸಿದಳು. ಯಾಕವ್ವಾ ಎಂದು ಕೇಳಿದೆ. “ಸರ್, ನಮ್ಮ ಮನ್ಯಾಗ ಎರಡಕ್ಕೂ ತೇರೆಕು ಅಂತೀವ್ರಿ” ಅಂದಳು. ಅವಳ ದಖನಿ ಉರ್ದುವಿನಲ್ಲಿ ದ್ವಿತೀಯಾ, ಚತುರ್ಥಿಗಳಿಗೆ ಒಂದೇ ರೂಪ. ತೆಲಂಗಾಣದ ಗಡಿಗೆ ಹತ್ತಿದ ಚಿಂಚೋಳಿಯಲ್ಲಿ ತೆಲುಗು ಮನೆಮಾತಿನ ಮಕ್ಕಳಿಗೆ ಈ ತೊಡಕಿಲ್ಲ. ಅವರ ನಿನ್ನು, ನೀಕು ಬೇರೆ ಬೇರೆ. ಅಂದಿನಿಂದ ಮನೆಮಾತನ್ನೂ ಬೋರ್ಡಿಗೆ ತರುತ್ತೇನೆ. ಮಗು ತಪ್ಪಿದ್ದು ಯಾಕೆ ಎಂಬುದು ತಿಳಿಯದೆ ಕೆಂಪು ಗೆರೆ ಎಳೆಯುವುದು ಅನ್ಯಾಯ.

4. ಹಾಡುತ್ತ ಮಾತ್ರೆ ಎಣಿಸಬಾರದು. ‘ಮನಸು’ ಮೂರು ಲಘು, ಮೂರು ಮಾತ್ರೆ. ಗಾಯಕ ಕೊನೆಯ ಅಕ್ಷರ ಎಳೆದ ಎಂದು ಮಕ್ಕಳು ಗುರು ಹಾಕಿಬಿಡುತ್ತಾರೆ. ಮೊದಲು ಓದಿಸಿ, ಪ್ರಸ್ತಾರ ಹಾಕಿಸಿ, ಆಮೇಲೆ ಹಾಡಿಸಿ. ‘ಮನಸ್ಸು’ ಎಂದು ಬರೆದರೆ ನಾಲ್ಕು ಮಾತ್ರೆ. ಕವಿ ಒತ್ತು ಬಿಟ್ಟದ್ದು ಏಕೆಂದು ಆಗ ಥಟ್ಟನೆ ಹೊಳೆಯುತ್ತದೆ.

5. ಸೇಡಂ ತಾಲ್ಲೂಕಿನ ಮಕ್ಕಳಿಗೆ ಮಳಖೇಡದ ಮಾತು ಹೇಳದೆ ಇರಲಾರೆ. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ದಲ್ಲಿ, ಸಂಸ್ಕೃತ–ಕನ್ನಡ ಪದಗಳನ್ನು ಹೇಗೆಂದರೆ ಹಾಗೆ ಸಮಾಸ ಮಾಡುವುದು ದೋಷ ಎಂದ. 13ನೇ ಶತಮಾನದ ಕೇಶಿರಾಜ ಬಿರುದುಗಳಲ್ಲಿ, ಹಿಂದಿನ ಕವಿಗಳ ಪ್ರಯೋಗಗಳಲ್ಲಿ ಅಂಥ ಅರಿಸಮಾಸಕ್ಕೆ ಒಪ್ಪಿಗೆ ಕೊಟ್ಟ. ಇಂದಿನ ಗೀತೆಗಳಲ್ಲಿ ‘ಹೃದಯಬಾಗಿಲು’ ಮಾದರಿಯ ಪದಗಳಿಗೆ ಲೆಕ್ಕವಿಲ್ಲ. ಸರಿಯೋ ತಪ್ಪೋ ಎಂದು ತರಗತಿಯನ್ನು ಎರಡು ಪಾಳಿ ಮಾಡಿ ವಾದಕ್ಕೆ ಬಿಡುತ್ತೇನೆ. ತಮ್ಮೂರ ಪಕ್ಕದಲ್ಲೇ ಹುಟ್ಟಿದ ಜಗಳ ಎಂದು ತಿಳಿದರೆ ಹಿಂದಿನ ಬೆಂಚಿನವರಿಗೂ ಹುರುಪು.

6. ಜನಪದ ಹಾಡನ್ನು ಬಿಡಬೇಡಿ. ಬೀಸುವ ಪದ, ಮೊಹರಂನ ರಿವಾಯತ ಪದಗಳಲ್ಲಿ ‘ಮಾಡ್ಯಾನ’, ‘ಬಂದಾಳ’ ಸಿಗುತ್ತವೆ. ನಮ್ಮ ಮಕ್ಕಳ ‘ಮಾಡ್ಲತ್ತಾನ’ವನ್ನು ಬಿಡಿಸಿದರೆ ‘ಮಾಡಲು ಹತ್ತಿದ್ದಾನೆ’. ಊರ ಮಾತಿಗೂ ನಿಯಮವಿದೆ ಎಂದು ಮಕ್ಕಳಿಗೆ ಗೊತ್ತಾಗಲೇಬೇಕು.

7. ಪರೀಕ್ಷೆಯಲ್ಲಿ ಸಿನಿಮಾ ಹಾಡು ಬರುವುದಿಲ್ಲ. ಅವಧಿಯ ಕೊನೆಯ ಹತ್ತು ನಿಮಿಷ ಪಠ್ಯಪುಸ್ತಕ ತೆರೆಸಿ, ಅದೇ ಸಂಧಿ, ಅದೇ ವಿಭಕ್ತಿಗೆ ಅಲ್ಲಿಂದ ಉದಾಹರಣೆ ಹುಡುಕಿಸಿ.