ಅನ್ನಕ್ಕೆ ಮುಂಚೆ ಲೆಕ್ಕ: ಬೀದಿ ಕೊತ್ತಿಗಳನ್ನು ನೋಡಿಕೊಳ್ಳಲು ಒಂಬತ್ತು ಸೂತ್ರಗಳು

ಶ್ರೀರಂಗಪಟ್ಟಣದ ಗಂಜಾಂನಂಥ ಊರಲ್ಲಿ ಬೀದಿ ಕೊತ್ತಿಗೆ ಒಂದು ತುತ್ತು ಹಾಕುವ ಕೈಗಳಿಗೆ ಬರವಿಲ್ಲ. ಆದರೆ ಬರೀ ಅನ್ನ ಹಾಕುತ್ತಾ ಹೋದರೆ ಎರಡಿದ್ದದ್ದು ಹತ್ತಾಗುತ್ತದೆ, ಹತ್ತಕ್ಕೆ ಹಾಕುವಷ್ಟು ಅನ್ನ ಯಾರ ಮನೆಯಲ್ಲೂ ಉಳಿಯುವುದಿಲ್ಲ. ಹಾಗಾಗದಂತೆ ನೋಡಿಕೊಳ್ಳಲು ಹೀಗೆ ಮಾಡಿ.

1. ಎಣಿಸಿ, ಬರೆದಿಡಿ. ಒಂದು ವಾರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ನೋಡಿ. ಬಣ್ಣ, ಗಂಡೋ ಹೆಣ್ಣೋ, ಕುಂಟೋ ಗಾಯವೋ, ಎಲ್ಲವೂ ನೋಟ್‌ಬುಕ್ಕಿಗೆ ಬರಲಿ. ಬಿಳಿ, ಕಪ್ಪು, ಕೆಂದು ಮೂರೂ ಬಣ್ಣವಿದ್ದರೆ ಅದು ಹೆಚ್ಚುಕಡಿಮೆ ಹೆಣ್ಣೇ. ಪೂರಾ ಕೆಂದ ಬಣ್ಣದವು ಬಹುಪಾಲು ಗಂಡು.

2. ಹೊತ್ತು ತಪ್ಪಿಸಬೇಡಿ. ದಿನಾ ಒಂದೇ ಸಮಯಕ್ಕೆ ಹಾಕಿ, ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿ. ಉಳಿದ ಅನ್ನಕ್ಕೆ ಇಲಿ, ನಾಯಿ ಬರುತ್ತವೆ. ಅವುಗಳ ಹಿಂದೆಯೇ ಪಕ್ಕದ ಮನೆಯವರ ದೂರೂ ಬರುತ್ತದೆ.

3. ಹಾಲು ಬೇಡ, ನೀರಿಡಿ. ತೆನಾಲಿ ರಾಮನ ಬೆಕ್ಕು ಬಾಯಿ ಸುಟ್ಟುಕೊಂಡು ಹಾಲು ಬಿಟ್ಟಿತು. ನಮ್ಮ ಕೊತ್ತಿಗಳು ಬಿಡುವುದಿಲ್ಲ, ಕುಡಿದು ಭೇದಿ ಮಾಡಿಕೊಳ್ಳುತ್ತವೆ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗದು. ಬರೀ ಮೊಸರನ್ನವೂ ಸಾಲದು: ಮಾಂಸದ ಸತ್ವ ಸಿಗದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಮುಳ್ಳು ತೆಗೆದ ಬೇಯಿಸಿದ ಮೀನು, ಕೋಳಿ, ಮೊಟ್ಟೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಅವಕ್ಕೆ ವಿಷ.

4. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಹೆಣ್ಣಿನಿಂದ ಶುರು ಮಾಡಿ. ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಒಂಬತ್ತು ವಾರ. ಮರಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬವಾಗುವುದುಂಟು. ಹತ್ತು ಗಂಡುಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಒಂದನ್ನು ಬಿಟ್ಟರೂ ಆ ಒಂದೇ ಸಾಕು. ಒಂದು ಹೆಣ್ಣಿಗೆ ಮಾಡಿಸಿದರೆ ಅದರ ಮುಂದಿನ ಸೂಲುಗಳೆಲ್ಲ ನಿಂತಂತೆ.

5. ಗೋಣಿಚೀಲವಲ್ಲ, ಬೋನು. ಮೊದಲು ವೈದ್ಯರಿಂದ ದಿನ ಗೊತ್ತು ಮಾಡಿಕೊಳ್ಳಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಆಗದಿದ್ದರೆ ಮೈಸೂರು ಹದಿನೈದು ಕಿಲೋಮೀಟರ್ ಅಷ್ಟೇ. ಕೆಲವು ದಿನ ತೆರೆದ ಬೋನಿನೊಳಗೇ ಊಟ ಇಟ್ಟು ರೂಢಿ ಮಾಡಿಸಿ. ಬಿದ್ದ ಕೂಡಲೇ ಬಟ್ಟೆ ಹೊದಿಸಿ, ಕತ್ತಲಾದರೆ ಸುಮ್ಮನಾಗುತ್ತದೆ. ಎಷ್ಟು ಹೊತ್ತು ಉಪವಾಸವಿರಬೇಕೆಂದು ವೈದ್ಯರನ್ನೇ ಕೇಳಿ.

6. ಕಿವಿಗೆ ಗುರುತು ಹಾಕಿಸಿ. ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿ ಚೂರು ಕತ್ತರಿಸುತ್ತಾರೆ. ದೂರದಿಂದಲೇ ಗೊತ್ತಾಗುತ್ತದೆ, ಅದೇ ಕೊತ್ತಿಯನ್ನು ಎರಡನೇ ಸಲ ಹಿಡಿಯುವ ಹಿಂಸೆ ತಪ್ಪುತ್ತದೆ. ಅದೇ ಅರಿವಳಿಕೆಯಲ್ಲಿ ರೇಬೀಸ್ ಲಸಿಕೆಯೂ ಆಗಲಿ.

7. ಹೊಳೆ ದಾಟಿಸಬೇಡಿ. ಹಿಡಿದ ಬೀದಿಗೇ ತಂದು ಬಿಡಿ. ಕಾವೇರಿಯ ಆಚೆ ಬಿಟ್ಟು ಬಂದರೆ ಖಾಲಿಯಾದ ಜಾಗಕ್ಕೆ ಹೊಸ ಕೊತ್ತಿಗಳು ಬಂದು ಸೇರುತ್ತವೆ. ಬಿಟ್ಟದ್ದು ಹಸಿದು ಹಕ್ಕಿ ಹಿಡಿಯುತ್ತದೆ, ಹತ್ತಿರದಲ್ಲೇ 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟು ಇದೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

8. ಮನೆಮದ್ದು ಬೇಡ. ಜ್ವರವೆಂದು ಅರ್ಧ ಪ್ಯಾರಾಸಿಟಮಾಲ್ ಕೊಟ್ಟರೆ ಕೊತ್ತಿ ಸಾಯಬಹುದು. ನಾಯಿಯ ಉಣ್ಣೆಗೆ ಹಾಕುವ ಔಷಧಿಯೂ ಹಾಗೆಯೇ. ನಿಮಗೆ ಪರಚಿದರೆ, ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.

9. ಬೈಯುವವರ ಮಾತು ಕೇಳಿ. ಸಡಿಲ ಮಣ್ಣು ಕಂಡರೆ ಕೊತ್ತಿ ಕೆದರುತ್ತದೆ, ಸೊಪ್ಪಿನ ಮಡಿ ಕೆಟ್ಟವರಿಗೆ ಸಿಟ್ಟು ಬರುವುದು ಸಹಜ. ಮೂಲೆಯಲ್ಲಿ ಒಂದು ಮಂಕರಿ ಮರಳು ಸುರಿದು, ದಿನಾ ನೀವೇ ಚೊಕ್ಕಟ ಮಾಡಿ. ಆಮೇಲೆ ನೋಟ್‌ಬುಕ್ ಅವರಿಗೂ ತೋರಿಸಿ. ಈ ಯುಗಾದಿಯ ಪುಟದಲ್ಲಿ ಹದಿನಾಲ್ಕು ಎಂದಿದ್ದು, ಮುಂದಿನ ಯುಗಾದಿಗೆ ಹದಿಮೂರು ಎಂದು ಬರೆದರೆ ಬೋನು ಹೊರಲು ಅವರೇ ಒಂದು ಕೈ ಕೊಟ್ಟಾರು.