ಫೋಟೋ ಕತ್ತರಿಸಲೂ ಅನುಪಾತ ಬೇಕು

ವೆಬ್ ಆ್ಯಪ್‌ನಲ್ಲಿ ಮುಖದ ಸುತ್ತ ಚೌಕಟ್ಟು ಎಳೆದರೂ ಕೆಲವೊಮ್ಮೆ ಹಿಂದಿನ ಗೋಡೆ ಮಾತ್ರ ಉಳಿಯುತ್ತದೆ. ಸ್ಕಾಲರ್‌ಶಿಪ್ ಅರ್ಜಿಗೆ ಅಂಥ ಫೋಟೋ ಹೋದರೆ ಕಷ್ಟ. ನಾವು ಚೌಕಟ್ಟು ಎಳೆಯುವುದು ಪರದೆಯಲ್ಲಿ ಕುಗ್ಗಿದ ಚಿತ್ರದ ಮೇಲೆ. ಕ್ಯಾನ್ವಾಸ್‌ನ ‘ಡ್ರಾಇಮೇಜ್’ ಕತ್ತರಿಸುವುದು ಮೂಲ ಚಿತ್ರದ ಅಳತೆಯಲ್ಲಿ.

ಪಾಲುದಾರರಿಗೆ ಲಾಭ ಹಂಚುವಾಗಿನಂತೆ ಇಲ್ಲೂ ಅನುಪಾತ ಹಿಡಿಯಬೇಕು. ಮೂಲ ಅಗಲ, ಅಂದರೆ ‘ನ್ಯಾಚುರಲ್‌ವಿಡ್ತ್’, 3000 ಪಿಕ್ಸೆಲ್, ಪರದೆಯಲ್ಲಿ 600 ಎನ್ನೋಣ. 3000 ÷ 600 = 5. ಚೌಕಟ್ಟು ಎಡದಿಂದ 200, ಮೇಲಿನಿಂದ 80ಕ್ಕೆ ಶುರುವಾದರೆ ಕೋಡ್‌ಗೆ 1000, 400 ಕೊಡಬೇಕು. ಚೌಕಟ್ಟಿನ ಅಗಲ, ಎತ್ತರವನ್ನೂ 5ರಿಂದ ಗುಣಿಸಬೇಕು. ಮುಖ ಹಿಗ್ಗದಿರಲು ಕ್ಯಾನ್ವಾಸ್ ಕೂಡ ಚೌಕಟ್ಟಿನ ಅನುಪಾತದಲ್ಲೇ ಇರಲಿ.

ಅಮ್ಮಿಯ ಮೊಬೈಲ್‌ನಲ್ಲಿ ತೆಗೆದ ತಂಗಿಯ ಫೋಟೋವನ್ನು ನಾನು ಹೀಗೇ ಕತ್ತರಿಸಿದೆ. ದುಪಟ್ಟಾದ ಅಂಚಿನಿಂದ ಗಲ್ಲದವರೆಗೆ ಮುಖ ಪೂರ್ತಿ ಬಂತು. ಕೋಡ್ ಹೊಸದಾದರೂ ಲೆಕ್ಕ ನಮಗೆ ಗೊತ್ತಿರುವುದೇ, ಕಾಮರ್ಸ್‌ನವರು ಹೆದರಬೇಕಿಲ್ಲ.