ನೂರರಲ್ಲಿ 13: ಒಂದು ಮರುಪಾಠದ ಅನುಭವ

ಒಂಬತ್ತನೆಯ ತರಗತಿಗೆ ‘ಅಂತಾರಾಷ್ಟ್ರೀಯ ನೆರವು’ ನನ್ನ ಅಭ್ಯಾಸ ಪಾಠ. 2005ರ ಪ್ಯಾರಿಸ್ ಘೋಷಣೆ, 2008ರ ಅಕ್ರಾ, 2011ರ ಬುಸಾನ್ ಸಭೆಗಳು ಎಂದು ಚಾರ್ಟ್ ಬರೆದುಕೊಂಡು ಹೋಗಿದ್ದೆ. ಹತ್ತೇ ನಿಮಿಷಕ್ಕೆ ಹಿಂದಿನ ಬೆಂಚು ಆಕಳಿಸಿತು. ವೀಕ್ಷಣೆಗೆ ಬಂದಿದ್ದ ಸರ್ ನನ್ನ ಪಾಠಯೋಜನೆಯ ಮೇಲೆ ಬರೆದದ್ದು ಒಂದೇ ಸಾಲು: “ದುಡ್ಡು ಎಲ್ಲಿಗೆ ಹೋಯಿತು ಎಂದು ಮಕ್ಕಳೇ ಕೇಳಬೇಕು.”

ಮರುಪಾಠಕ್ಕೆ ಉಗಾಂಡಾವನ್ನು ಆರಿಸಿಕೊಂಡೆ. ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ಅನುದಾನ ಕೊಡುತ್ತಿತ್ತು. ಶಿಕ್ಷಣದ ಖರ್ಚು ಏರಿದರೂ ದಾಖಲಾತಿ ಏರಿದಂತೆ ಕಾಣಲಿಲ್ಲ. 1996ರಲ್ಲಿ 250 ಶಾಲೆಗಳ ಲೆಕ್ಕ ನೋಡಿದಾಗ, 1991–95ರ ಅನುದಾನದಲ್ಲಿ ಸರಾಸರಿ ಶೇ. 13 ಮಾತ್ರ ಶಾಲೆಗೆ ಮುಟ್ಟಿತ್ತು.

ನೂರು ಚೀಟಿಗಳನ್ನು ‘ಮಂತ್ರಾಲಯ’, ‘ಜಿಲ್ಲಾ ಕಚೇರಿ’, ‘ಶಾಲೆ’ ಆದ ಮೂವರ ಕೈ ದಾಟಿಸಿದೆ. ಕೊನೆಯವಳಿಗೆ 13 ಸಿಕ್ಕವು. ಅವಳಿಗೆ ಬೇಸರವೇ ಆಗಲಿಲ್ಲ! ಆಗ ಮುಂದಿನ ಸಾಲಿನ ಹುಡುಗಿ ಎದ್ದಳು: “ಮಿಸ್, ಎಷ್ಟು ಬರಬೇಕಿತ್ತು ಅಂತ ಅವಳಿಗೆ ಗೊತ್ತೇ ಇಲ್ವಲ್ಲ?”

ನಾನು ಹೇಳಬೇಕೆಂದಿದ್ದ ಅರ್ಧ ಪಾಠವನ್ನು ಅವಳೇ ಹೇಳಿಬಿಟ್ಟಳು. ಉಗಾಂಡಾ ಸರ್ಕಾರ ಮುಂದೆ ಮಾಡಿದ್ದೂ ಅದನ್ನೇ: ಜಿಲ್ಲೆಗಳಿಗೆ ಕಳಿಸಿದ ಹಣವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿತು, ಶಾಲೆಗೆ ಬಂದದ್ದನ್ನು ಅಲ್ಲೇ ಅಂಟಿಸಲು ಹೇಳಿತು. ಮೊತ್ತವನ್ನು ಹಲಗೆಯ ಮೇಲೆ ಬರೆದು ಆಟವನ್ನು ಮತ್ತೆ ಆಡಿಸಿದೆ. ಈ ಸಲ ‘ಜಿಲ್ಲಾ ಕಚೇರಿ’ ಚೀಟಿ ಇಟ್ಟುಕೊಳ್ಳಲು ಹಿಂಜರಿದ.

2001ರ ಹೊತ್ತಿಗೆ ಶೇ. 80ಕ್ಕೂ ಹೆಚ್ಚು ಹಣ ಶಾಲೆಗೆ ತಲುಪುತ್ತಿತ್ತು. ‘ಪತ್ರಿಕೆಯಿಂದ ಸೋರಿಕೆ ನಿಂತಿತು’ ಎಂದು ನಾನು ಬರೆದದ್ದಕ್ಕೆ ಮಾತ್ರ ಸರ್ ಕೆಂಪು ಗೆರೆ ಎಳೆದರು. 1997ರಲ್ಲಿ ಉಚಿತ ಪ್ರಾಥಮಿಕ ಶಿಕ್ಷಣ ಬಂದಿತ್ತು, ಹಣ ಬಿಡುಗಡೆಯ ಪದ್ಧತಿಯೂ ಬದಲಾಗಿತ್ತು. ಪತ್ರಿಕೆಯ ಪಾಲೆಷ್ಟು ಎಂಬುದರ ಬಗ್ಗೆ ಸಂಶೋಧಕರಲ್ಲೇ ಒಮ್ಮತವಿಲ್ಲ. ‘ಪತ್ರಿಕೆಯೂ ಒಂದು ಕಾರಣ’ ಎಂದು ತಿದ್ದಿದೆ.

ಅಕ್ರಾ ಸಭೆ ಆಮೇಲೆ ಸುಲಭವಾಯಿತು. ನೆರವು ಕೊಡುವವರು ತಮ್ಮ ಲೆಕ್ಕವನ್ನು ಒಂದೇ ಮಾದರಿಯಲ್ಲಿ ಪ್ರಕಟಿಸಬೇಕೆಂಬ ಅಂತಾರಾಷ್ಟ್ರೀಯ ನೆರವು ಪಾರದರ್ಶಕತಾ ಉಪಕ್ರಮ ಅಲ್ಲಿಯೇ ಶುರುವಾದದ್ದು. ಆದರೆ ಅಂತರ್ಜಾಲದ ಕೋಷ್ಟಕ ಶಾಲೆಯ ಗೋಡೆಯಾಗುವುದಿಲ್ಲ ಎಂದು ನನಗೆ ಅನಿಸುತ್ತದೆ, ಓದುವವರು ಹತ್ತಿರದವರಾಗಿರಬೇಕು.

ಗಂಟೆ ಹೊಡೆದ ಮೇಲೆ ಒಬ್ಬ ಕೇಳಿದ, “ನಮ್ಮ ಶಾಲೆದು ಎಲ್ಲಿ ಹಾಕಿದ್ದಾರೆ ಮಿಸ್?” ಉತ್ತರ ನನ್ನಲ್ಲಿರಲಿಲ್ಲ. ಅವನನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರ ಕೊಠಡಿಗೆ ಹೋದೆ. ಅವರು ನಕ್ಕು, ಬೀರು ತೆರೆದು ಎಸ್‌ಡಿಎಂಸಿ ನಡಾವಳಿ ಪುಸ್ತಕವನ್ನು ಅವನ ಕೈಗೇ ಕೊಟ್ಟರು.